ಎಣ್ಣಿ ಮೂಸುತ್ತಿದ್ದ ಮೂಗು

ನವಲಗುಂದದ ಪೇಟೆಯಲ್ಲಿ ನಮ್ಮ ಯಜಮಾನರದು ಕ್ರಿಮಿನಾಶಕದ ಅಂಗಡಿ. ನಮ್ಮ ಕಡೆ ಅದಕ್ಕೆ ಎಣ್ಣಿ ಅನ್ನುತ್ತಾರೆ. ಹತ್ತಿಗೆ ಎಣ್ಣಿ ಹೊಡೆಯುವ ಕಾಲ ಬಂತೆಂದರೆ ತಿರ್ಲಾಪುರದ ಕಡೆಯ ರೈತರು ಬಾಟಲಿಯ ಮೇಲಿನ ಚೀಟಿ ಓದುತ್ತಿರಲಿಲ್ಲ, ಇವರ ಮೂಗನ್ನು ನಂಬುತ್ತಿದ್ದರು.

"ಅಣ್ಣಾರ, ಒಮ್ಮಿ ಮೂಸಿ ನೋಡ್ರಿ. ಅಸಲಿ ಇದ್ರ ಒಯ್ತೇವಿ."

ಇವರು ಸೀಲ್ ಒಡೆದು, ಕಣ್ಣು ಮುಚ್ಚಿ, ಎದೆತುಂಬ ಎಳೆಯುತ್ತಿದ್ದರು. "ಅಗದಿ ಚಲೋ ಐತಿ, ಒಯ್ಯಿರಿ." ನಾನೂ ಇದನ್ನು ಓಣಿಯ ತುಂಬ ಹೇಳಿಕೊಂಡು ಮೆರೆದವಳೇ, ಸುಳ್ಳೇಕೆ ಹೇಳಲಿ.

ಕೃಷಿ ಇಲಾಖೆಯ ಸಾಹೇಬರು ತಪಾಸಣೆಗೆ ಬಂದಾಗ ಒಡೆದ ಸೀಲು ಕಂಡು ಕೆಂಡವಾದರು. "ಇದು ವಿಷ ಐತ್ರಿ, ಅತ್ತರ ಅಲ್ಲ! ಇನ್ನೊಮ್ಮಿ ಕಂಡ್ರ ಲೈಸೆನ್ಸ್ ರದ್ದು." ಇವರು ಚಹಾ ಕುಡಿಸಿ, ಕೈಮುಗಿದು ಕಳಿಸಿದರು. ಮರುದಿನ ಮತ್ತೆ ಅದೇ ಹಾಡು. ತಂದಿಟ್ಟ ಮಾಸ್ಕು, ಕೈಗವಸು ಕಪಾಟಿನಲ್ಲೇ ಉಳಿದವು.

ಒಂದು ಬೆಳಿಗ್ಗೆ ನಾನು ಹಿತ್ತಲಲ್ಲಿದ್ದಾಗ ಹಾಲು ಸೀದು ಮನೆಯೆಲ್ಲ ಕಮರು ವಾಸನೆ. ಓಡಿ ಬಂದು ನೋಡಿದರೆ ಇವರು ಬಾಜೂ ಕೋಣೆಯಲ್ಲಿ ಆರಾಮಾಗಿ ಪೇಪರ್ ಓದುತ್ತಿದ್ದಾರೆ! "ಮೂಗಿಗೆ ಏನಾಗೇತ್ರಿ ನಿಮಗ?" ಎಂದು ರೇಗಿದೆ.

ಇವರು ತಲೆ ಎತ್ತಲಿಲ್ಲ. "ಮೂರ್ನಾಕ ತಿಂಗಳಾತು, ಏನೂ ವಾಸನಿ ಬರವಲ್ದು. ಯಾರ ಮುಂದೂ ಹೇಳಬ್ಯಾಡ."

ಅಯ್ಯೋ ಶಿವನೇ! ಅಂದರೆ ಅಷ್ಟು ದಿನ ಸುಮ್ಮನೆ ಮೂಸಿದಂತೆ ಮಾಡಿ, ಚಲೋ ಐತಿ ಅನ್ನುತ್ತಿದ್ದರು. ವರ್ಷಗಟ್ಟಲೆ ಆ ವಿಷ ಎಳೆದದ್ದಕ್ಕೇ ಹೀಗಾಗಿರಬೇಕು, ಮರಳಿ ಬರುವ ಭರವಸೆ ಕೊಡಲಾರೆ ಎಂದರು ಹುಬ್ಬಳ್ಳಿಯ ಡಾಕ್ಟರು.

ಈಗ ಇವರು ಸೀಲ್ ಒಡೆಯುವುದಿಲ್ಲ. ಮಾಸ್ಕ್ ಹಾಕಿಕೊಂಡು, "ಚೀಟಿ ಓದ್ರಿ, ಬಿಲ್ ತೊಗೋರಿ" ಅನ್ನುತ್ತಾರೆ. ಸಾಹೇಬರಿಗೆ ಖುಷಿ. ನನಗೆ ಮಾತ್ರ ಆ ಹಳೆಯ ಮನುಷ್ಯ ಬೇಕು. ಚಪ್ಪಲಿ ಬಿಡುವ ಮೊದಲೇ "ಇವತ್ತ ಎಣಗಾಯಿ ಮಾಡೀಯೇನ?" ಎಂದು ಕೂಗುತ್ತಿದ್ದವರು ಬೇಕು. ಆ ಕೂಗಿಗಾಗಿ ಇವತ್ತಿಗೂ ಜೀವ ಹಂಬಲಿಸುತ್ತದೆ. ಈಗ ತಾಟು ಮುಂದಿಟ್ಟ ಮೇಲೆ ನೋಡಿ ತಿಳಿದುಕೊಳ್ಳುತ್ತಾರೆ.

ಹೋದ ತಿಂಗಳು ಮಗಳು ಬಾಣಂತನಕ್ಕೆ ಬಂದಳು. ಕೂಸಿಗೆ ನೀರು ಎರೆದು, ಲೋಬಾನದ ಹೊಗೆ ಹಾಕಿ, ಇವರ ತೊಡೆಯ ಮೇಲೆ ಮಲಗಿಸಿದೆ. ಇವರು ಅದರ ನೆತ್ತಿಗೆ ಮೂಗು ಒತ್ತಿ ಬಹಳ ಹೊತ್ತು ಹಾಗೇ ಇದ್ದರು.

"ವಾಸನಿ ಹ್ಯಾಂಗ ಬರಾಕತ್ತೈತಿ? ನೀನರ ಹೇಳ."

ನಾನು ಬಗ್ಗಿ ಮೂಸಿದೆ. "ಕೊಬ್ಬರಿ ಎಣ್ಣಿ, ಲೋಬಾನ, ಹಾಲು…"

"ಅವು ನನಗೂ ಗೊತ್ತು. ಕೂಸಿನ ವಾಸನಿ ಹೇಳ," ಎಂದರು.

ನಾನು ಮತ್ತೊಮ್ಮೆ ಬಗ್ಗಿ ಕೂಸಿನ ನೆತ್ತಿ ಮೂಸಿದೆ.