ಹುಳುಮನೆಯಲ್ಲಿ ಕಲಿತ ಕನ್ನಡ

ಮೊನ್ನೆ ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ಬಸ್ಸಿಗೆ ಒಬ್ಬರು ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹತ್ತಿದರು. ಸೊಪ್ಪು ಬಾಡದಿರಲೆಂದು ನೆನೆಸಿದ ಗೋಣಿಚೀಲ ಸುತ್ತಿದ್ದರು. ಕಂಡಕ್ಟರ್ ಗೊಣಗಿದರು, ಪಕ್ಕದವರು ಸೀರೆ ಎತ್ತಿಕೊಂಡು ಸರಿದು ಕೂತರು. ನನಗೆ ಮಾತ್ರ ಆ ಹಸಿ ಸೊಪ್ಪಿನ, ನೆಂದ ಗೋಣಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ದೊಡ್ಡಮ್ಮ ನೆನಪಾದರು...

ದೊಡ್ಡಮ್ಮ ನಮಗೆ ನೆಂಟರಲ್ಲ, ಪಕ್ಕದ ಮನೆಯವರು. ಅಪ್ಪ ಹಾಲಿನ ಲಾರಿ ಓಡಿಸುತ್ತಿದ್ದರು. ಮುಳಬಾಗಿಲಿನಾಚೆ, ಆಂಧ್ರದ ಗಡಿಗೆ ಅಂಟಿಕೊಂಡಂತಿದ್ದ ನಮ್ಮೂರು ಬಿಟ್ಟು ಹುತ್ತೂರಿನ ಕಡೆಯ ಹಳ್ಳಿಯೊಂದಕ್ಕೆ ಬಂದಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಮನೆಯಲ್ಲಿ ಬರೀ ತೆಲುಗು. ಅಪ್ಪ ಅಮ್ಮನಿಗೆ ಕನ್ನಡವೂ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಶಾಲೆಗೆ ಕರೆದುಕೊಂಡು ಹೋದರೆ, ಟೀಚರ್ ಏನು ಕೇಳಿದರೂ ಬಾಯಿಗೆ ಬೀಗ ಹಾಕಿಕೊಂಡು ನಿಂತೆ.

"ಶಾಲೆ ಶುರುವಾಗೋಷ್ಟರಲ್ಲಿ ನಾಲ್ಕು ಮಾತಾಡಿದ್ರೆ ಸೇರಿಸ್ಕೋತೀನಿ. ಇಲ್ಲಾಂದ್ರೆ ಇನ್ನೊಂದ್ ವರ್ಷ ಅಂಗನವಾಡೀಲೇ ಇರ್ಲಿ ಬಿಡಿ" ಎಂದರು ಟೀಚರ್.

ಬೀದಿಯಲ್ಲಿ ನನ್ನ ವಾರಗೆಯ ಹುಡುಗಿಯರೆಲ್ಲ ಒಂದನೇ ಕ್ಲಾಸಿಗೆ ಹೊರಟಿದ್ದರು. ನಾನೊಬ್ಬಳೇ ಮೂಗು ಸುರಿಸುವ ಮಕ್ಕಳ ಜೊತೆ ಕೂರಬೇಕು! ಆ ಅವಮಾನ ನೆನೆಸಿಕೊಂಡೇ ಅತ್ತೆ. ಮಾರನೆಯ ದಿನ ಅಮ್ಮ ನನ್ನನ್ನು ದೊಡ್ಡಮ್ಮನ ಹುಳುಮನೆಗೆ ಬಿಟ್ಟು ಬಂದರು.

ಅದು ರೇಷ್ಮೆ ಹುಳು ಸಾಕುವ ಉದ್ದನೆಯ ಕೋಣೆ. ಕೈಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಒಗ್ಗರಣೆಯ ಘಾಟು, ಬೀಡಿಯ ಹೊಗೆ ಯಾವುದೂ ಅತ್ತ ಸುಳಿಯುವಂತಿಲ್ಲ. ಬಿದಿರಿನ ತಟ್ಟೆಗಳ ತುಂಬ ಹುಳುಗಳು ಸೊಪ್ಪು ಮೇಯುವ ಚರಚರ ಸದ್ದು. ನಾನು ಹೋದವಳೇ ತೆಲುಗಿನಲ್ಲಿ ಬಡಬಡಿಸತೊಡಗಿದೆ. ದೊಡ್ಡಮ್ಮ ಹ್ಞೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಕಲ್ಲಿನ ಹಾಗೆ ನೋಡಿದರು. ಬಾಯಾರಿ "ನೀಳ್ಳು, ನೀಳ್ಳು" ಎಂದು ಬೇಡಿದರೆ ಚೊಂಬು ಎತ್ತಿ ಹಿಡಿದು "ನೀರು" ಎಂದರು. ನಾನು "ನೀರು" ಎಂದ ಮೇಲೇ ಚೊಂಬು ಕೈಗೆ ಬಂತು. ಆ ದೊಡ್ಡಮ್ಮನಿಗೆ ಏನೂ ತಿಳಿಯುವುದಿಲ್ಲ ಎಂದು ಅಮ್ಮನ ಹತ್ತಿರ ದೂರು ಹೇಳಿದೆ. ಅಮ್ಮ ಒಲೆಯ ಕಡೆ ಮುಖ ತಿರುಗಿಸಿಕೊಂಡು ನಕ್ಕರು.

ದೊಡ್ಡಮ್ಮ ಯಾವ ಮಾತಿಗೂ ಅರ್ಥ ಹೇಳಿಕೊಟ್ಟವರಲ್ಲ. ಕೆಲಸ ಕೊಡುತ್ತಿದ್ದರು, ಅಷ್ಟೇ. ನೀರು ಸೋರುವ ಎಲೆ ತಂದರೆ ಅದನ್ನು ನನ್ನ ಕೆನ್ನೆಗೆ ಒತ್ತಿ "ಒದ್ದೆ" ಎಂದು ಆಚೆ ಇಡುತ್ತಿದ್ದರು. ಒದ್ದೆ ಸೊಪ್ಪು ತಿಂದರೆ ಹುಳುವಿಗೆ ಕಾಯಿಲೆ. ಒಂದು ದಿನ ಸ್ನಾನ ಮಾಡಿ ಬಂದು, ತಲೆಗೂದಲು ಹಿಡಿದುಕೊಂಡು ಅಮ್ಮನಿಗೆ "ಒದ್ದೆ" ಎಂದೆ. ಯಾರೂ ಹೇಳಿಕೊಡದೆ ಆ ಮಾತು ಎಲೆಯಿಂದ ಕೂದಲಿಗೆ ಬಂದಿತ್ತು.

ಮರಿ ಹುಳುವಿಗೆ ಚಿಗುರೆಲೆಯೇ ಆಗಬೇಕು. "ಎಳೇದು ತಾ, ಬಲ್ತಿದ್ದು ಬೇಡ" ಎನ್ನುತ್ತಿದ್ದರು. ನಾನು ಆರಿಸಿ ತಂದದ್ದರಲ್ಲಿ ಕೆಲವು ತಟ್ಟೆಗೆ ಹೋಗುತ್ತಿದ್ದವು, ಉಳಿದವು ಹಸುವಿನ ಬಾಯಿಗೆ. ಹಸುವಿಗೆ ಹೋಗುವುದು ದಿನದಿನಕ್ಕೆ ಕಡಿಮೆಯಾಯಿತು. ಎಳೆ ಎಂದರೆ ಏನೆಂದು ಬೆರಳಿಗೆ ಗೊತ್ತಾಯಿತು. ಅದೇ ಧೈರ್ಯದಲ್ಲಿ, ನನ್ನನ್ನು ಕರೆಯಲು ಹುಳುಮನೆಯ ಬಾಗಿಲಿಗೆ ಬಂದ ಅಪ್ಪನ ಹೊಸ ಅಂಗಿ ಸವರಿ "ಎಳೇದು" ಎಂದುಬಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರೂ ದೊಡ್ಡಮ್ಮ ನಗಲಿಲ್ಲ.

"ಅಂಗಿ ಹೊಸದು ಕಣೇ. ಎಲೆ ಎಳೇದು" ಎಂದು ಮತ್ತೆ ಸೊಪ್ಪು ಹೆಚ್ಚತೊಡಗಿದರು.

ಶಾಲೆ ಶುರುವಾಯಿತು. ಅಮ್ಮನ ಜೊತೆ ದೊಡ್ಡಮ್ಮನೂ ಬಂದರು. ಟೀಚರ್ ನನ್ನ ಹೆಸರು ಕೇಳಿದರು, ಅಪ್ಪನ ಹೆಸರು ಕೇಳಿದರು. ನಾನು ಲಂಗದ ಅಂಚು ತಿರುಚುತ್ತ ನಿಂತೆ. ಮುಗಿಯಿತು, ಅಂಗನವಾಡಿಯೇ ಗತಿ ಎಂದುಕೊಂಡೆ. ಟೀಚರ್ ಬೇಸತ್ತು ಮೇಜಿನ ಮೇಲಿದ್ದ ತರಕಾರಿ ಚೀಲ ಪಕ್ಕಕ್ಕೆ ಸರಿಸಿದರು. ಚೀಲದಿಂದ ಹುರುಳಿಕಾಯಿ ಇಣುಕುತ್ತಿತ್ತು. ನನ್ನ ಕೈ ಸುಮ್ಮನಿರಲಿಲ್ಲ, ಒಂದನ್ನು ಹಿಚುಕಿ ನೋಡಿತು.

"ಬಲ್ತಿದೆ. ಎಳೇದು ತರ್ಬೇಕು" ಎಂದೆ.

ಟೀಚರ್ ತಾವೂ ಒಂದನ್ನು ಹಿಚುಕಿ ನೋಡಿ ಜೋರಾಗಿ ನಕ್ಕರು. "ಲೇ, ನಾನು ಮೋಸ ಹೋಗಿದ್ದನ್ನ ಹೇಳೋಕೇ ಬಾಯ್ ಬಿಟ್ಯಾ? ನಾಳೆಯಿಂದ ಬಾ."

ಆಗಲೇ ಬಾಗಿಲ ಹತ್ತಿರದಿಂದ ಕೂಗು ಕೇಳಿತು. "ಎಂತ ಬಾಗ ಚೆಪ್ತಿವೇ ನಾ ತಲ್ಲೀ!" ಎಷ್ಟು ಚೆನ್ನಾಗಿ ಹೇಳಿದೆಯೇ ನನ್ನ ತಾಯಿ, ಎಂದು. ಅಪ್ಪಟ ತೆಲುಗು, ಅದೂ ನಮ್ಮೂರಿನ ರಾಗದ್ದು. ಕೂಗಿದವರು ದೊಡ್ಡಮ್ಮ! ಅವರ ತವರು ಗಡಿಯಾಚೆ, ನಮ್ಮೂರಿನ ಪಕ್ಕದ್ದೇ ಎಂಬುದು ಅಮ್ಮನಿಗೆ ಮೊದಲೇ ಗೊತ್ತಿತ್ತಂತೆ. ನಾನು ಸಿಟ್ಟಿನಿಂದ ಮುಖ ಊದಿಸಿಕೊಂಡೆ.

"ನಾನು ತೆಲುಗು ಆಡಿದ್ರೆ ನೀನ್ ಕನ್ನಡ ಯಾಕೆ ಕಲೀತಿದ್ದೆ?" ಎಂದು ಗಲ್ಲ ಹಿಂಡಿದರು.

ಅವತ್ತು ಮನೆ ತಲುಪುವವರೆಗೂ, ತಲುಪಿದ ಮೇಲೂ, ಅವರ ತೆಲುಗು ನಿಲ್ಲಲಿಲ್ಲ. ಅದು ಯಾಕೆಂದು ನನಗೆ ಅರ್ಥವಾದದ್ದು ನಾನು ಮದುವೆಯಾಗಿ ಬೇರೆ ಊರು ಸೇರಿದ ಮೇಲೆ. ದೊಡ್ಡಮ್ಮನ ಮನೆಯಲ್ಲಿ ಅವರ ತೆಲುಗಿಗೆ ತೆಲುಗಿನಲ್ಲಿ ಓಗೊಡುವವರು ಒಬ್ಬರೂ ಇರಲಿಲ್ಲ. ಅಂಥವರ ಕಣ್ಣೆದುರು ನಾನು ಅವರ ತವರಿನ ಮಾತು ಇಡೀ ದಿನ ಬಡಬಡಿಸುತ್ತಿದ್ದರೂ ನನಗಾಗಿ ತುಟಿ ಕಚ್ಚಿಕೊಂಡಿದ್ದರು. ಎಷ್ಟು ಆಸೆಯಾಗಿರಬೇಕು... ನೆನೆದರೆ ಇವತ್ತಿಗೂ ಅವರ ಮೇಲೆ ಪ್ರೀತಿ ಉಕ್ಕುತ್ತದೆ.

ಹೋದ ವರ್ಷ ಅವರ ಸೊಸೆ ಫೋನ್ ಮಾಡಿದಳು. ತುಮಕೂರು ಕಡೆಯ ಹುಡುಗಿ. "ಅಕ್ಕಾ, ಅತ್ತೆ ಕನ್ನಡಾನೇ ಮರ್ತಿದ್ದಾರೆ. ಏನೋ ಕೇಳ್ತಾನೇ ಇರ್ತಾರೆ, ನಂಗೆ ತಿಳೀತಿಲ್ಲ. ಬಂದ್ ನೋಡಿ" ಎಂದಳು. ಹೋದೆ. ಹುಳು ಸಾಕುವುದು ಬಿಟ್ಟು ಎಷ್ಟೋ ಕಾಲವಾಗಿತ್ತು, ಹುಳುಮನೆಯಲ್ಲಿ ಟೊಮೇಟೊ ಕ್ರೇಟುಗಳಿದ್ದವು. ದೊಡ್ಡಮ್ಮ ಮಂಚದಲ್ಲಿ ಚಡಪಡಿಸುತ್ತ "ಆಕು ಏಸಿನಾರಾ?" ಎಂದು ಕೇಳುತ್ತಿದ್ದರು. ಸೊಪ್ಪು ಹಾಕಿದಿರಾ ಎಂದು.

"ಏಸಿನಾಂ ಪೆದ್ದಮ್ಮಾ" ಎಂದೆ. ಹಾಕಿದ್ದೇವೆ ದೊಡ್ಡಮ್ಮಾ, ಎಂದು.

ಮುಖದ ಗಂಟು ಸಡಿಲವಾಯಿತು. ನನ್ನ ಕೈ ಹಿಡಿದುಕೊಂಡೇ ನಿದ್ದೆ ಹೋದರು. ಸೊಸೆ ಆ ಮಾತನ್ನು ನನ್ನಿಂದ ಮತ್ತೆ ಮತ್ತೆ ಹೇಳಿಸಿ ಕಲಿತಳು. ಕೊನೆಯವರೆಗೂ ಅವರು ಕೇಳಿದಾಗಲೆಲ್ಲ "ಏಸಿನಾಂ ಪೆದ್ದಮ್ಮಾ" ಎಂದೇ ಸಮಾಧಾನ ಮಾಡಿದಳಂತೆ. ಅತ್ತೆಯನ್ನು ಹಾಗೆ ಕರೆಯುವುದಿಲ್ಲವೆಂದು ನಾನೂ ತಿದ್ದಲಿಲ್ಲ.

ದೊಡ್ಡಮ್ಮ ನೆಮ್ಮದಿಯಾಗಿಯೇ ಹೋದರು. ಆ ಹುಡುಗಿಗೆ ಬರುವ ತೆಲುಗು ಅದೊಂದೇ. ಅದನ್ನು ಕೇಳಿಸಿಕೊಳ್ಳಬೇಕಾದವರು ಈಗ ಇಲ್ಲ.