ತಿಪ್ಪವ್ವ ಅನ್ನುವ ಹೆಸರಿನ ವಾಸನೆ

ನನ್ನ ಹೆಸರು ಕೇಳಿದವರು ಮೊದಲು ಮೂಗು ಮುರಿಯುತ್ತಿದ್ದರು, ಆಮೇಲೆ ನನ್ನ ಮುಖ ನೋಡುತ್ತಿದ್ದರು. ತಿಪ್ಪವ್ವ. ತಿಪ್ಪೆಯಿಂದ ಬಂದ ಹೆಸರು, ಮುಚ್ಚಿಡುವಂಥದ್ದೇನೂ ಅದರಲ್ಲಿ ಇಲ್ಲ. ನನಗಿಂತ ಮೊದಲು ಅವ್ವನಿಗೆ ಹುಟ್ಟಿದ ಕೂಸುಗಳಲ್ಲಿ ಒಂದೂ ಉಳಿದಿರಲಿಲ್ಲ. ಅದಕ್ಕೇ ನಾನು ಹುಟ್ಟಿದಾಗ ಸೇಡಂನ ನಮ್ಮ ಮನೆಯ ಹಿತ್ತಲಲ್ಲಿದ್ದ ತಿಪ್ಪೆಯ ಮೇಲೆ ಮೊರದಲ್ಲಿ ಮಲಗಿಸಿ ಬಂದರು. ಚಿಮ್ಮನಚೋಡದಿಂದ ಬಂದಿದ್ದ ನೆಂಟರ ಹೆಂಗಸೊಬ್ಬಳು, ಮನೆ ತುಂಬ ಮಕ್ಕಳಿದ್ದವಳು, ನನ್ನನ್ನು ಎತ್ತಿಕೊಂಡು, ತಿಪ್ಪೆಯಲ್ಲಿ ಕೂಸು ಸಿಕ್ಕಿದೆ, ಯಾರಿಗಾದರೂ ಬೇಕೇನು ಎಂದು ಕೂಗಿದಳಂತೆ. ಅವ್ವ ಏನೂ ಅರಿಯದವಳ ಹಾಗೆ ಬಂದು ಸೆರಗಿನಲ್ಲಿ ತಂದ ನುಚ್ಚು ಕೊಟ್ಟು ನನ್ನನ್ನು ಕೊಂಡಳು. ಹೊಲಸಿನಲ್ಲಿ ಸಿಕ್ಕಿದ್ದು, ಹೆಸರೂ ಹೊಲಸು. ಸಾವಿಗೂ ಹೇಸಿಕೆ ಬಂದು ಮುಟ್ಟದೆ ಹೋಗಲಿ ಎಂಬುದು ಇದರ ಒಳಗುಟ್ಟು.

ನಾನು ಉಳಿದೆ. ಹೆಸರೇ ಉಳಿಸಿತು ಎಂದು ಅವ್ವ ನಂಬಿದಳು. ನನಗೆ ಆ ನಂಬಿಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ನಾನು ಸಣ್ಣವಳಿದ್ದಾಗ ಅದೇನೂ ಅಪರೂಪದ ಹೆಸರಲ್ಲ. ನಮ್ಮ ಓಣಿಯಲ್ಲಿ ನಿಂತು ತಿಪ್ಪವ್ವಾ ಎಂದು ಕೂಗಿದರೆ ಮೂರು ಮನೆಗಳಿಂದ ಓ ಎನ್ನುತ್ತಿದ್ದರು. ಚಿತ್ತಾಪುರದ ಸೋದರಮಾವನ ಮನೆಗೆ ಹೋದರೆ ಅಲ್ಲೂ ಪಕ್ಕದ ಮನೆಯಲ್ಲಿ ಒಬ್ಬಳು. ಹೆಣ್ಣು ಸಾಕಾದವರು ಸಾಕವ್ವ ಎಂದಿಡುತ್ತಿದ್ದರು, ಕೂಸು ಸತ್ತು ಸತ್ತು ಹೆದರಿದವರು ತಿಪ್ಪವ್ವ ಎಂದಿಡುತ್ತಿದ್ದರು. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಡಳಿತ ಹೋದಮೇಲೆ ಶಾಲೆಯಲ್ಲಿ ಉರ್ದು ಹಿಂದೆ ಸರಿದು ಕನ್ನಡ ಮುಂದೆ ಬಂತು, ಅದರ ಬೆನ್ನಿಗೇ ಹೆಸರುಗಳೂ ಬದಲಾದವು. ವಿಮಲಾ, ಸರಳಾ, ಸುಶೀಲಾ, ಭಾರತಿ. ಕೂಸಿಗೆ ಆ ಹೆಸರಿಡುವವರು ಹೇಳುವಾಗ ತುಟಿಯನ್ನು ಬೇರೆ ಥರ ಮಾಡುತ್ತಿದ್ದರು. ಈಗ ವಿಮಲಾ ಎಂದರೂ ಮುದುಕಿಯ ಹೆಸರು ಎಂದು ನಗುತ್ತಾರೆ. ಆದರೆ ಆಗ ಅದನ್ನು ಕೇಳಿದರೆ ಸಾಬೂನಿನ ಪರಿಮಳ ಬಂದಂತಾಗುತ್ತಿತ್ತು ಜನಕ್ಕೆ.

ನನಗೂ ನನ್ನ ಹೆಸರು ಸೇರುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ. ಮಳೆಗಾಲದಲ್ಲಿ ಆ ತಿಪ್ಪೆಯಿಂದ ಹರಿದು ಬರುತ್ತಿದ್ದ ಕಂದು ನೀರು, ಅದರಲ್ಲಿ ಮಿಜಿಮಿಜಿ ಎನ್ನುವ ಹುಳ, ಇದೇ ನನ್ನ ಹೆಸರಿನ ಅರ್ಥ ಎಂದುಕೊಂಡಿದ್ದೆ. ಆದ್ದರಿಂದ ಶಹಾಬಾದಿನಿಂದ ಹೆಣ್ಣು ನೋಡಲು ಬಂದವರು ಹುಡುಗಿ ಒಪ್ಪಿಗೆ, ಹೆಸರು ಒಪ್ಪಿಗೆಯಿಲ್ಲ ಎಂದಾಗ ನನಗೆ ಒಳಗೊಳಗೇ ಖುಷಿಯಾಯಿತು.

ಅವರು ಕಲ್ಲಿನ ವ್ಯಾಪಾರದವರು. ಶಹಾಬಾದಿನ ಚಪ್ಪಡಿ ಕಲ್ಲು ರೈಲಿನಲ್ಲಿ ಎಲ್ಲೆಲ್ಲಿಗೋ ಹೋಗುತ್ತಿದ್ದ ಕಾಲ. ಹುಡುಗನ ಅಪ್ಪ, ಮುಂದೆ ನನ್ನ ಮಾವ, ಓದಿಕೊಂಡವರು, ನನ್ನ ಹೆಸರು ಕೇಳಿ ಕಣ್ಣು ಮುಚ್ಚಿ ಯೋಚಿಸಿ, ಇದರ ಮೂಲ ತ್ರಿಪುರಾಂಬಾ ಇರಬೇಕು, ಹಳ್ಳಿಯವರ ಬಾಯಲ್ಲಿ ಕೆಟ್ಟಿದೆ ಎಂದರು. ಅಪ್ಪ ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದ. ತಾನೇ ಮೊರ ಹೊತ್ತು ತಿಪ್ಪೆಗೆ ಹೋಗಿದ್ದವನು! ಅತ್ತೆಗೆ ತ್ರಿಪುರಾಂಬೆಯೂ ಬೇಡವಾಗಿತ್ತು. ಅವರು ಸೆರಗಿನ ತುದಿ ಮೂಗಿಗಿಟ್ಟುಕೊಂಡೇ ಮಾತಾಡಿದರು, ಹೆಸರು ಎದ್ದು ಬಂದು ಮೈಗೆ ಹತ್ತುತ್ತದೆ ಎಂಬಂತೆ. ಮದುವೆಯ ದಿನದಿಂದ ವಿಮಲಾ ಎಂದು ಕರೆಯುವುದು, ಹಳೆಯ ಹೆಸರನ್ನು ಯಾರೂ ಬಾಯಿಗೆ ತರಕೂಡದು ಎಂದು ತೀರ್ಮಾನವಾಯಿತು.

ಅವ್ವ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಹೊರಗಿನವರ ಮುಂದೆ ಎಂದೂ ದನಿ ತೆಗೆಯದವಳು ಅಂದು ಕೈಮುಗಿದು ಕೇಳಿದಳು: "ಮಂದಿ ಮುಂದ ಏನರೆ ಕರೀರಿ ಅಕ್ಕಾರ. ಮನ್ಯಾಗ ಒಮ್ಮೊಮ್ಮೆ ಆ ಹೆಸರಿಲೆ ಕರೀರಿ. ಅದರ ಮ್ಯಾಲೇ ಜೀವ ಹಿಡದದ ಇಕಿದು."

ಅತ್ತೆ ಸೆರಗು ಕೊಡವಿಕೊಂಡು ಎದ್ದರು. ನನಗೆ ಅವ್ವನ ಮೇಲೆ ಸಿಟ್ಟು ಬಂತು.

ಮದುವೆಯಾಗಿ ಶಹಾಬಾದಿಗೆ ಹೋದ ದಿನ ನಾದಿನಿ ಹೊಸ್ತಿಲಿಗೆ ಅಡ್ಡ ನಿಂತು ಹೆಂಡತಿಯ ಹೆಸರು ಹೇಳು ಎಂದು ಅಣ್ಣನನ್ನು ಕಾಡಿದಳು. ನನ್ನ ಗಂಡ ಕಲಿತು ಬಂದಿದ್ದ ಒಡಪಿನ ಪದ್ಯದಲ್ಲಿ ಶಹಾಬಾದಿನ ಕಲ್ಲಿಗೂ ವಿಮಲಾಳ ಮೈಬಣ್ಣಕ್ಕೂ ಜೋಡಿ ಹಾಕಿದ್ದರು. ಆ ಕಲ್ಲು ಬೂದಿ ಬಣ್ಣದ್ದು. ಯಾರಿಗೂ ನಗು ಬರಲಿಲ್ಲ. ವಿಮಲಾ ಎಂದರೆ ಯಾರು ಎಂದು ನಾನೇ ಒಂದು ಗಳಿಗೆ ಸುತ್ತ ನೋಡಿದೆ.

ವಿಮಲಾ ಎಂದರೆ ಮಲವಿಲ್ಲದವಳು, ಕೊಳೆಯಿಲ್ಲದವಳು ಎಂದು ಮಾವ ಬಿಡಿಸಿ ಹೇಳಿದ್ದರು. ಹೌದು, ಆ ಮನೆಯ ಕೊಳೆಯನ್ನೆಲ್ಲ ತೆಗೆಯುವವಳು ನಾನೇ. ಅತ್ತೆಗೆ ಎಲೆ ತಂಬಾಕಿನ ಚಟ. ಅವರು ಮಂಚದ ಬದಿಗೆ ಇಟ್ಟುಕೊಂಡ ಪೀಕದಾನಿಯಲ್ಲಿ ಇಡೀ ದಿನದ ಉಗುಳು ಕೆಂಪಗೆ ಗಟ್ಟಿಯಾಗಿ, ಮೇಲೆ ನೊಣ ಕೂತಿರುತ್ತಿತ್ತು. ವಿಮಲಾ, ಇದನ್ನ ಚೆಲ್ಲಿ ಬಾ. ವಿಮಲಾ, ಛಂದ ತಿಕ್ಕಿ ತೊಳಿ. ನನ್ನ ಹೊಸ ಹೆಸರನ್ನು ನಾನು ಹೆಚ್ಚಾಗಿ ಕೇಳಿದ್ದು ಆ ಪಾತ್ರೆಯ ಜೊತೆಗೇ. ತೊಳೆದ ಮೇಲೆ ಅತ್ತೆ ಅದನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿ ನೋಡುತ್ತಿದ್ದರು. ತಿಪ್ಪೆಗಾದರೂ ಒಂದು ಮರ್ಯಾದೆಯಿದೆ, ವರ್ಷಕ್ಕೊಮ್ಮೆ ಹೊಲಕ್ಕೆ ಹೋಗಿ ಜೋಳವಾಗುತ್ತದೆ. ಅತ್ತೆಯ ಉಗುಳು ಏನೂ ಆಗುತ್ತಿರಲಿಲ್ಲ.

ತವರಿಗೆ ಹೋದಾಗಲೆಲ್ಲ ಅವ್ವ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಹಳೆಯ ಹೆಸರಿನಿಂದ ಮತ್ತೆ ಮತ್ತೆ ಕರೆಯುತ್ತಿದ್ದಳು. ಹಸಿದು ಬಂದವರಿಗೆ ಉಣ್ಣಿಸುವ ಹಾಗೆ. ಸಾಕು ಬಿಡವ್ವ ಎನ್ನುತ್ತಿದ್ದೆ. ಅವಳು ಬಿಡುತ್ತಿರಲಿಲ್ಲ.

ನನ್ನ ಎರಡು ಗಂಡುಕೂಸುಗಳು ಶಹಾಬಾದಿನಲ್ಲಿ ಹೋದವು. ಒಂದಕ್ಕೆ ಜ್ವರ, ಇನ್ನೊಂದಕ್ಕೆ ವಾಂತಿಭೇದಿ. ಇದರ ಬಗ್ಗೆ ಹೆಚ್ಚು ಬರೆಯಲಾರೆ, ಕೈ ಬರುವುದಿಲ್ಲ. ಹೆಸರು ಕಿತ್ತಿದ್ದಕ್ಕೇ ಹೀಗಾಯಿತು ಎಂದು ಅವ್ವ ಅತ್ತಳು. ಜ್ವರಕ್ಕೆ ಹೆಸರು ಕೇಳಿ ಬರುವ ಪದ್ಧತಿಯಿಲ್ಲ ಎಂದು ನಾನು ಅವಳ ಮೇಲೆ ರೇಗಿದೆ. ಎರಡನೆಯ ಕೂಸು ಹೋದಮೇಲೆ ಅತ್ತೆ ನನ್ನನ್ನು ಬೇರೆ ಥರ ನೋಡತೊಡಗಿದರು. ಏನೋ ಲೆಕ್ಕ ಹಾಕುತ್ತಿದ್ದಾರೆ ಅನ್ನಿಸುತ್ತಿತ್ತು.

ಮೂರನೆಯದು ಹೆಣ್ಣು, ಸೇಡಂನಲ್ಲೇ ಹುಟ್ಟಿತು. ಹೈದರಾಬಾದ್ ರಾಜ್ಯ ಒಡೆದು ನಾವು ಕನ್ನಡದವರ ಜೊತೆ ಸೇರುತ್ತೇವಂತೆ ಎಂದು ಗಂಡಸರು ಕಟ್ಟೆಯ ಮೇಲೆ ಮಾತಾಡುತ್ತಿದ್ದ ದಿನಗಳು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಶಹಾಬಾದಿನವರು ವಾಡಿಯಲ್ಲಿ ರೈಲು ಬದಲಿಸಿ ಬಂದರು. ಅತ್ತೆ ಇಳಿದದ್ದೇ ವಾಡಿಯ ಕಲ್ಲಿದ್ದಲ ಹೊಗೆ, ಪ್ಲಾಟ್‌ಫಾರಮ್ಮಿನ ಗಬ್ಬು ಎಂದು ಗೊಣಗುತ್ತ ಕೈಕಾಲು ತೊಳೆದುಕೊಂಡರು. ಹಿತ್ತಲ ಕಡೆ ಹೋದವರು ತಿಪ್ಪೆಯನ್ನು ಕಂಡು ಸೆರಗಿನಿಂದ ಮೂಗು ಮುಚ್ಚಿಕೊಂಡು ತಿರುಗಿ ಬಂದರು.

ನಮ್ಮಲ್ಲಿ ಕೂಸಿಗೆ ಹೆಸರಿಡುವವಳು ಸೋದರತ್ತೆ. ಅವಳು ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಹೆಸರು ಹೇಳುತ್ತಿದ್ದಂತೆ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ನಾದಿನಿ ಸೆರಗು ಸಿಕ್ಕಿಸಿಕೊಂಡು ಸಿದ್ಧಳಾಗಿದ್ದಳು, ಗುದ್ದುವವರು ಕೈ ತಿಕ್ಕಿಕೊಳ್ಳುತ್ತಿದ್ದರು. ಹೆಸರೇನು ಎಂದು ಅವಳು ಕೇಳಿದಾಗ ಅತ್ತೆ ನನ್ನ ಕಡೆ ನೋಡದೆ ಹೇಳಿದರು, ತಿಪ್ಪವ್ವ.

ಇದ್ದವರ ಹೆಸರು ಕೂಸಿಗೆ ಇಡುವುದು ನಮ್ಮಲ್ಲಿ ಇಲ್ಲ. ಹಿರಿಯರು ಸತ್ತಮೇಲೆಯೇ ಅವರ ಹೆಸರು ತೊಟ್ಟಿಲಿಗೆ ಬರುವುದು. ಯಾರೋ ಮುದುಕಿ ಮೆಲ್ಲಗೆ ಅದನ್ನೇ ಅಂದಳು, ಇದು ತಾಯಿಯ ಹೆಸರಲ್ಲವೇ, ತಾಯಿ ಎದುರಿಗೇ ಇದ್ದಾಳಲ್ಲ ಎಂದು.

ಅತ್ತೆಯ ಬಳಿ ಉತ್ತರ ಸಿದ್ಧವಾಗಿತ್ತು. "ಇಕಿ ಹೆಸರು ವಿಮಲಾ. ಆ ಹೆಸರು ಯಾರ ಬಲ್ಲೂ ಇಲ್ಲ, ಖಾಲಿ ಬಿದ್ದದ. ಕೂಸು ಉಳೀಬೇಕಂದ್ರ ಅದೇ ಇಡ್ರಿ. ತಿಪ್ಪಿ ಮ್ಯಾಲ ಮಲಗಿಸೋ ಹೊಲಸು ಕೆಲಸ ಏನೂ ಬ್ಯಾಡ, ಹೆಸರಷ್ಟೇ ಸಾಕು."

ಖಾಲಿ ಬಿದ್ದದ. ಬಾಡಿಗೆಯವರು ಬಿಟ್ಟುಹೋದ ಕೋಣೆಯೇ ಅದು? ಇಷ್ಟು ವರ್ಷ ಮೂಗು ಮುಚ್ಚಿಕೊಂಡವರಿಗೆ ಈಗ ಅದರ ಬಲ ಬೇಕು, ವಾಸನೆ ಬೇಡ. ನನಗೆ ಅಸಹ್ಯವಾಯಿತು. ಆ ಪೀಕದಾನಿ ತೊಳೆಯುವಾಗಲೂ ನನಗೆ ಅಷ್ಟು ವಾಕರಿಕೆ ಬಂದಿರಲಿಲ್ಲ. ನನ್ನ ಗಂಡ ಹೊರಗಿನ ಪಡಸಾಲೆಯಲ್ಲಿ ಎಲ್ಲ ಕೇಳಿಸಿಕೊಂಡು ಒಮ್ಮೆ ಕೆಮ್ಮಿದರು. ಅವರ ಮೇಲೂ ಹೇಸಿಕೆಯಾಯಿತು.

ಅವ್ವನ ಮುಖ ನೋಡಿದೆ. ಅವಳು ತೊಟ್ಟಿಲ ಹಗ್ಗ ಹಿಡಿದು ನಿಂತಿದ್ದಳು. ಅವಳ ಲೆಕ್ಕದಲ್ಲಿ ಆ ಹೆಸರು ಒಂದು ಜೀವವನ್ನಷ್ಟೇ ಕಾಯುತ್ತದೆ. ಕೂಸಿಗೆ ಕೊಟ್ಟರೆ ನಾನು ಸತ್ತವರ ಸಾಲಿಗೆ. ಕೊಡದಿದ್ದರೆ ತೊಟ್ಟಿಲಲ್ಲಿದ್ದದ್ದೂ ಮೊದಲಿನ ಎರಡರ ಹಾದಿಗೆ. ಹೂಂ ಅನ್ನಲೂ ಆಗದೆ, ಬೇಡ ಅನ್ನಲೂ ಆಗದೆ ಅವಳು ನನ್ನನ್ನೂ ಕೂಸನ್ನೂ ನೋಡುತ್ತ ನಿಂತುಬಿಟ್ಟಳು. ಮಗಳೋ ಮೊಮ್ಮಗಳೋ ಎಂದು ಒಬ್ಬ ತಾಯಿಯನ್ನು ಅಷ್ಟು ಮಂದಿಯ ಮುಂದೆ ಆರಿಸಲು ಹಚ್ಚಿದ ಆ ಹೆಂಗಸನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ನಾದಿನಿ ಬಾಗಿದಳು. ನಾನು ಎದ್ದು ಅವಳ ತೋಳು ಹಿಡಿದೆ.

"ಖಾಲಿ ಇಲ್ರಿ ಅತ್ತಿ ಅದು," ಅಂದೆ. "ನಾ ಇನ್ನಾ ಇದ್ದೀನಿ. ಇವತ್ತಿನಿಂದ ಖಾಲಿ ಆಗಿದ್ದು ವಿಮಲಾ. ನಿಮ್ಮದೇ ಹೆಸರು, ಛಂದ ಅದ, ಕೂಸಿಗಿ ಇಡ್ರಿ."

ಅತ್ತೆಯ ಬಾಯಿ ತೆರೆದದ್ದು ತೆರೆದೇ ಉಳಿಯಿತು, ತಂಬಾಕಿನಿಂದ ಕಪ್ಪಾದ ಹಲ್ಲುಗಳೆಲ್ಲ ಕಂಡವು. ತಾವೇ ಆರಿಸಿ ತಂದ ಹೆಸರು ಬೇಡ ಎನ್ನಲು ಅವರಿಗೆ ದಾರಿಯಿರಲಿಲ್ಲ. ನಾದಿನಿ ಒಮ್ಮೆ ತಾಯಿಯನ್ನು, ಒಮ್ಮೆ ನನ್ನನ್ನು ನೋಡಿ, ಕೊನೆಗೆ ಕೂಸಿನ ಕಿವಿಗೆ ಬಾಗಿ ವಿಮಲಾ ಎಂದಳು. ಹೆಂಗಸರು ಅವಳ ಬೆನ್ನಿಗೆ ಗುದ್ದಿದರು, ಅಂದಿನ ಗುದ್ದುಗಳು ತುಸು ಜೋರಾಗಿಯೇ ಇದ್ದವು.

ಅವ್ವ ತೊಟ್ಟಿಲ ಹಗ್ಗ ಬಿಟ್ಟು ನನ್ನ ಹತ್ತಿರ ಬಂದಳು. ಬೀಗತಿ ಅಲ್ಲೇ ನಿಂತಿದ್ದರು, ಶಹಾಬಾದಿನವರೆಲ್ಲ ಇದ್ದರು. ಅವಳು ದನಿ ತಗ್ಗಿಸಲಿಲ್ಲ.

"ತಿಪ್ಪವ್ವಾ, ಕುಂದ್ರವ್ವ," ಅಂದಳು. "ಬಾಣಂತಿ ಭಾಳ ಹೊತ್ತು ನಿಂದ್ರಬಾರದು."