ಹುಣಿಸೆ ಮಂಡಿಯ ಪಕ್ಕದ ಕೋಣೆ

ಆಗೆಲ್ಲ ಬೇಸಿಗೆ ಬಂತೆಂದರೆ ರಾಯಕೋಟೆಯ ನಮ್ಮ ಬೀದಿಗೇ ಹುಳಿ ವಾಸನೆ. ಅಜ್ಜಿಯ ಹುಣಿಸೆ ಮಂಡಿ ಮನೆಗೆ ಅಂಟಿಕೊಂಡೇ ಇತ್ತು. ಹೆಂಗಸರು ಸಾಲಾಗಿ ಕೂತು ಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಅಜ್ಜಿಯೂ ಅವರ ನಡುವೆಯೇ ಕೂರುತ್ತಿದ್ದಳು. ಯಜಮಾನಿ ಯಾರೆಂದು ಹೊಸಬರು ಕೇಳಿಯೇ ತಿಳಿಯಬೇಕಾಗಿತ್ತು.

ಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ ನಾನು ಮೈನೆರೆದೆ. ಮಂಡಿಯ ಕಡೆಗೆ ಕಿಟಕಿಯಿದ್ದ ಕತ್ತಲೆ ಕೋಣೆಗೆ ಸೇರಿಸಿ, ಹೊರಗಿನಿಂದ ಚಿಲಕ ಹಾಕಿದರು. ಎಳ್ಳು, ಕೊಬ್ಬರಿ, ಬೆಲ್ಲ ಬೇಕಾದಷ್ಟು ಬರುತ್ತಿತ್ತು. ನನ್ನ ಬಾಯಿ ಬಯಸಿದ್ದು ಮಾತ್ರ ಹುಣಿಸೆ, ಉಪ್ಪು, ಮೆಣಸಿನಕಾಯಿ ಕುಟ್ಟಿದ ಚಿಗಳಿ. ಅದನ್ನು ಕೊಡುತ್ತಿರಲಿಲ್ಲ. ಮುಟ್ಟಾದವಳ ಕೈ ತಾಗಿದರೆ ಇಡೀ ರಾಶಿಗೇ ಹುಳ ಬೀಳುತ್ತದಂತೆ! ಚೌಕಾಬಾರಕ್ಕೂ ಜೊತೆಯಿಲ್ಲ. ಎರಡೂ ಕಡೆ ನಾನೇ ಆಡಿ, ನಾನೇ ಸೋತು ಅಳುತ್ತಿದ್ದೆ.

ಒಂದು ಮಧ್ಯಾಹ್ನ ಮಂಡಿಯಲ್ಲಿ ಗಲಾಟೆ. ಕೂಲಿಯ ಮುನೆಮ್ಮ ಮುಟ್ಟಾದದ್ದನ್ನು ಮುಚ್ಚಿಟ್ಟು ಹಣ್ಣು ಬಿಡಿಸುತ್ತಿದ್ದಳು. ಸರಕು ಕೊಳ್ಳಲು ಬಂದಿದ್ದ ಸೇಲಂ ಸಾಹುಕಾರನ ಎದುರಿಗೇ ಜೊತೆಯವಳೊಬ್ಬಳು ಬಾಯಿಬಿಟ್ಟಳು.

"ತೀಟ್ಟಾದ, ಮೈಲಿಗೆ ಹಣ್ಣು ನಮಗೆ ವೇಣ್ಡಾಮ್ಮ. ಇವಳನ್ನ ಓಡ್ಸು, ಆಮೇಲೆ ಮಾತು," ಅಂದ ಸಾಹುಕಾರ.

"ಮನೇಲಿ ಕೂತ್ರೆ ಕೂಸ್ಗೆ ಗಂಜಿ ಇಲ್ಲ ಕಣವ್ವಾ," ಎಂದು ಮುನೆಮ್ಮ ಅಜ್ಜಿಯ ಕಾಲು ಹಿಡಿದಳು.

ಅಜ್ಜಿ ಹುಳಿ ಕೈಯಲ್ಲೇ ಎದ್ದಳು. "ಇವಳ್ನ ಓಡ್ಸೋದಾದ್ರೆ ಮೊದ್ಲು ನನ್ನ ಓಡ್ಸಬೇಕು. ಗಂಡ ಸತ್ತಾಗ ನಂಗ್ಯಾವ ಆಳಿತ್ತು? ಮುಟ್ಟಾದ ದಿನಗಳಲ್ಲೂ ನಾನೇ ಕೂತು ಬಿಡ್ಸಿವ್ನಿ. ನಿಮ್ಮಪ್ಪ ವರ್ಸವರ್ಸ ಒಯ್ದಿದ್ದು ಅದೇ ಹಣ್ಣು. ಹುಳ ಬಿತ್ತಾ?"

ಸಾಹುಕಾರ ಬೆಲೆ ಮುರಿದೇ ಕೊಂಡ. ಅಜ್ಜಿ ಒಪ್ಪಿಕೊಂಡು, ಮುನೆಮ್ಮನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.

ನನಗೆ ಹಿಗ್ಗೋ ಹಿಗ್ಗು. ಕಿಟಕಿಯ ಸರಳು ಹಿಡಿದು ಕೂಗಿದೆ: "ಹಂಗಾದ್ರೆ ನನ್ ಚಿಲಕಾನೂ ತೆಗಿ ಅಜ್ಜಿ!"

ಅವಳು ಬಂದು ಕಿಟಕಿಯಾಚೆ ನಿಂತಳು. ಆಗಿನ ಗಟ್ಟಿ ದನಿ ಈಗಿರಲಿಲ್ಲ.

"ಮಂಡಿ ನಂದು ಕಣಮ್ಮಿ. ಮನೆ ನಿಮ್ಮಪ್ಪಂದು."

"ನಿನ್ ಮಗ ತಾನೆ? ಹೇಳು."

"ಹೇಳ್ದೆ ಬುಟ್ಟಿದೀನಾ?"

ಅಷ್ಟೇ. ಸರಳಿನ ಸಂದಿಯಿಂದ ಕಡ್ಡಿಗೆ ಮೆತ್ತಿದ ಚಿಗಳಿಯೊಂದು ಒಳಗೆ ಬಂತು. ಅದನ್ನು ಚೀಪುತ್ತಾ ಅತ್ತೆ. ಅಪ್ಪ ಚಿಲಕ ತೆಗೆಸುವ ಹೊತ್ತಿಗೆ ಗಂಡು ಗೊತ್ತಾಗಿತ್ತು. ಆ ಕೋಣೆಯಿಂದ ಹೆಚ್ಚುಕಡಿಮೆ ನೇರ ಮದುವೆ ಚಪ್ಪರಕ್ಕೇ ಬಂದೆ.

ಮಂಡಿ ಹೋಗಿ ಎಷ್ಟೋ ಕಾಲವಾಯಿತು. ಹುಣಿಸೆ ಈಗ ಪೊಟ್ಟಣದಲ್ಲಿ ಬರುತ್ತದೆ. ಯಾರ ಕೈ ಬಿಡಿಸಿತೋ, ಅವರ ಕೂಸು ಉಂಡಿತೋ ಇಲ್ಲವೋ ಕೇಳುವವರಿಲ್ಲ. ನನ್ನ ಮೊಮ್ಮಗಳ ಕೋಣೆಗೂ ಚಿಲಕವಿದೆ, ಒಳಗಡೆಯಿಂದ. ಅಜ್ಜಿಯನ್ನು ಕರೆದು ತೋರಿಸೋಣವೆಂದರೆ ಅವಳಿಲ್ಲ.